ಬಳಕೆಯಲ್ಲಿದೆ

ಆ ಕಚೇರಿಯಲ್ಲಿ ಅಡ್ಡಹೆಸರಿಲ್ಲದವರೇ ಇರಲಿಲ್ಲ. ಸರ್ವರ್ ನೋಡಿಕೊಳ್ಳುವ ಹೆಂಗಸಿಗೆ ‘ಆಯ್ತಾ ಅಕ್ಕ’ ಎಂದು ಹೆಸರು ಬಿದ್ದು ಎಷ್ಟೋ ವರ್ಷವಾಗಿತ್ತು. ನಗರದ ಯಾವ ಬಸ್ಸು ಈಗ ಎಲ್ಲಿದೆ, ಯಾವ ನಿಲ್ದಾಣಕ್ಕೆ ಯಾವಾಗ ಬರುತ್ತದೆ ಎಂದು ಜನಕ್ಕೆ ತಿಳಿಸುವ ಕಚೇರಿ ಅದು. ಹಿಂದಿನ ಚಳಿ ಕೋಣೆಯಲ್ಲಿ ಸಾಲಾಗಿ ಸರ್ವರ್‌ಗಳು. ಅವಕ್ಕೆ ಹೊಸ ಭಾಗ ಹಾಕುವುದಿರಲಿ, ಇದ್ದದ್ದನ್ನು ಅಪ್‌ಗ್ರೇಡ್ ಮಾಡುವುದಿರಲಿ, ಅವಳು ಆ ಕೋಣೆಗೆ ಕಾಲಿಡಬೇಕಾಗಿರಲಿಲ್ಲ. ನಿರ್ವಹಣೆಗೆಂದೇ ಒಂದು ಎಪಿಐ ಇತ್ತು. ಅಂದರೆ, ಕೂತ ಕುರ್ಚಿಯಿಂದಲೇ ಸರ್ವರಿಗೆ ಒಂದೊಂದು ಸಾಲಿನ ಅರ್ಜಿ ಬರೆದು ಕಳಿಸುವುದು: ನಿನ್ನೊಳಗೆ ಏನೇನಿದೆ ಹೇಳು, ಇದನ್ನು ತೆಗೆ, ಇದನ್ನು ಹಾಕು. ಅದು ‘ಆಗಲಿ, ಶುರು ಮಾಡಿದೆ’ ಎಂದು ಒಂದು ಚೀಟಿ ನಂಬರು ಕೊಡುತ್ತಿತ್ತು. ಮುಗಿದ ಮೇಲೆ ತಾನಾಗಿ ಬಂದು ಹೇಳುವ ಸೌಜನ್ಯ ಮಾತ್ರ ಅದಕ್ಕಿರಲಿಲ್ಲ. ಚೀಟಿ ನಂಬರು ಹಿಡಿದು ನಾವೇ ಮತ್ತೆ ಮತ್ತೆ ಕೇಳಬೇಕು. ಹಾಗೆ ಕೇಳುವಾಗಲೆಲ್ಲ ಅವಳು ಬಾಯಿಬಿಟ್ಟು "ಆಯ್ತಾ? ಆಯ್ತಾ?" ಅನ್ನುತ್ತಿದ್ದಳು, ಬಚ್ಚಲಿಗೆ ಹೋದ ಮಗುವನ್ನು ಹೊರಗಿನಿಂದ ಕೇಳುವಂತೆ. ಹೆಸರು ಬಂದದ್ದು ಹೀಗೆ.

ಅವಳ ಮೇಲಿನ ಸಾಹೇಬರ ಅಡ್ಡಹೆಸರು ‘ಆಗ್ಲೇಬೇಕು’. ಮಾತು ಎಲ್ಲಿಂದ ಶುರುವಾದರೂ ಬಂದು ನಿಲ್ಲುತ್ತಿದ್ದುದು ಆ ಪದಕ್ಕೇ. ಕೆಟ್ಟ ಮನುಷ್ಯರೇನಲ್ಲ. ಮೇಲಿನವರ ಕಣ್ಣಿಗೆ ಬೀಳಬೇಕೆಂಬ ಹುಚ್ಚು ಮಾತ್ರ ಹೇಳತೀರದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಆ ದಿನ ಬೆಳಿಗ್ಗೆ ಅವಳ ಮೇಜಿನ ಅಂಚಿಗೆ ಒರಗಿ ನಿಂತು ಪೆನ್ನಿನ ಮುಚ್ಚಳ ಟಕಟಕ ಅನ್ನಿಸುತ್ತ ಶುರು ಮಾಡಿದರು.

"ಹೊಸ ನಕ್ಷೆ ಭಾಗ ಬಂದಿದೆ. ಇನ್ಮೇಲೆ ಜನ ಮೊಬೈಲ್ ಪರದೆ ಮೇಲೇ ಬಸ್ಸು ಓಡಾಡೋದನ್ನ ನೋಡ್ತಾರೆ. ಬಣ್ಣಬಣ್ಣವಾಗಿ. ಸೋಮವಾರ ನಮ್ಮ ಸಂಸ್ಥೆ ಅಧ್ಯಕ್ಷರು ಬರ್ತಾರೆ, ಅವರ ಎದುರಿಗೇ ಎಲ್ಲಾ ಸರ್ವರಿಗೂ ಹಾಕಿ ತೋರಿಸ್ಬೇಕು. ದೊಡ್ಡ ಪರದೆಯಲ್ಲಿ ಸರ್ವರಿಗೊಂದರಂತೆ ಡಬ್ಬಿ, ಒಂದೊಂದೇ ಹಳದಿಯಿಂದ ಹಸಿರಾಗ್ತಾ ಹೋಗ್ಬೇಕು. ಆಗ್ಲೇಬೇಕು."

"ಹಾಕೋಣ ಸಾರ್. ಆದ್ರೆ ಅದು ಒಳಗೆ ಕೂರ್ಬೇಕು ಅಂದ್ರೆ ಹಳೇ ಧ್ವನಿ ಭಾಗ ಕೀಳ್ಬೇಕು. ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಯಲ್ಲ."

"ಕೀಳಿ. ಅದಕ್ಕೇನೀಗ?"

"ಫೋನ್ ಮಾಡಿ ಕೇಳೋರ ಗತಿ?"

"ಈ ಕಾಲದಲ್ಲಿ ಫೋನ್ ಮಾಡಿ ಬಸ್ಸು ಕೇಳೋರು ಯಾರ್ರೀ? ವರದಿ ತೆಗೆದು ನೋಡಿ. ದಿನಕ್ಕೆ ನಾಲ್ಕೋ ಐದೋ ಕರೆ. ಅದೂ ದಿಕ್ಕು ತಪ್ಪಿದೋರದ್ದು."

"ಹಾಗಿದ್ರೆ ಒಂದು ಕೆಲಸ ಮಾಡೋಣ. ಎರಡೇ ಎರಡು ಸರ್ವರಲ್ಲಿ ಹಳೇದು ಇರ್ಲಿ. ಮಿಕ್ಕಿದ್ದಕ್ಕೆಲ್ಲ ಹೊಸದು ಹಾಕೋಣ. ಯಾರಿಗೂ ತೊಂದರೆ ಇಲ್ಲ."

"ಅಂದ್ರೆ ಎರಡು ಹಳದಿ ಡಬ್ಬಿ! ಅಧ್ಯಕ್ಷರ ಮುಂದೆ!" ಸಾಹೇಬರು ಮುಚ್ಚಳ ಟಕಟಕ ನಿಲ್ಲಿಸಿದರು. "ನನ್ನ ಮಾನ ಹರಾಜಿಗಿಡ್ಬೇಕು ಅಂತಿದೀರಾ? ಎಲ್ಲಾ ಹಸಿರು. ಅಷ್ಟೇ."

ಅವರು ಹೋದರು. ದಿನಕ್ಕೆ ನಾಲ್ಕೈದು ಕರೆಯಂತೆ! ಆಯ್ತಾ ಅಕ್ಕನ ಒಡಹುಟ್ಟಿದ ತಮ್ಮನೊಬ್ಬನೇ ದಿನಕ್ಕೆ ಅದಕ್ಕಿಂತ ಹೆಚ್ಚು ಸಲ ಫೋನ್ ಮಾಡುತ್ತಿದ್ದ.

ತಮ್ಮ ಹುಟ್ಟುಕುರುಡ. ಊರಿನ ಆ ತುದಿಯ ಒಂದು ಕಾರ್ಖಾನೆಯಲ್ಲಿ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದ. ಅಲ್ಲಿ ಹೆಣೆಯುವವರೆಲ್ಲ ಕಣ್ಣಿಲ್ಲದವರೇ. ಅವನು ಎರಡು ಬಸ್ಸು ಬದಲಾಯಿಸಿ ಹೋಗಬೇಕು, ಎರಡು ಬಸ್ಸು ಬದಲಾಯಿಸಿ ಬರಬೇಕು. ಚಿಕ್ಕಂದಿನಲ್ಲಿ ಅವನನ್ನು ಎಲ್ಲಿಗೇ ಆಗಲಿ ಕೈ ಹಿಡಿದು ಕರೆದೊಯ್ಯುತ್ತಿದ್ದವಳು ಅಕ್ಕ. ಅಮ್ಮನ ಕಟ್ಟಪ್ಪಣೆ: ಕೈ ಬಿಡಬೇಡ. ಅವಳು ಬಿಡುತ್ತಿರಲಿಲ್ಲ. ಒಂದು ದಿನ ಪೇಟೆ ಮಧ್ಯದಲ್ಲಿ ಅವನು ರೋಸಿಹೋಗಿ ಅವಳ ಹೆಬ್ಬೆರಳ ಬುಡಕ್ಕೆ ಕಚ್ಚಿಯೇಬಿಟ್ಟ. ರಕ್ತ ಬಂತು. ಆಗಲೂ ಅವಳು ಬಿಡಲಿಲ್ಲ, ಅದು ಬೇರೆ ಮಾತು. ಆ ಗುರುತು ಇವತ್ತಿಗೂ ಇದೆ.

ಆಮೇಲೆ ಫೋನಿನ ಧ್ವನಿ ಬಂತು. ನಿಲ್ದಾಣದ ನಂಬರು ಒತ್ತಿದರೆ ಒಬ್ಬ ಹೆಂಗಸು ಮೂಗಿನಲ್ಲಿ ಮಾತಾಡಿ ಯಾವ ಬಸ್ಸು, ಎಷ್ಟು ನಿಮಿಷ ಎಂದು ಹೇಳುತ್ತಿದ್ದಳು. ಆ ಧ್ವನಿ ಯಾರದೋ ಯಾರಿಗೂ ಗೊತ್ತಿಲ್ಲ. ಮುದ್ರಿಸಿಕೊಂಡ ದಿನ ಪಾಪ ನೆಗಡಿಯಾಗಿತ್ತೇನೋ. ಕಾರ್ಖಾನೆಯವರೆಲ್ಲ ಸೇರಿ ಅವಳಿಗೆ ಶೀತದಕ್ಕ ಎಂದು ಹೆಸರಿಟ್ಟಿದ್ದರು. ಶೀತದಕ್ಕನನ್ನು ಕಿವಿಯಲ್ಲಿಟ್ಟುಕೊಂಡು ತಮ್ಮ ಮೊದಲ ಸಲ ಒಬ್ಬನೇ ಹೋಗಿ ಒಬ್ಬನೇ ಬಂದ ದಿನ, ಬಾಗಿಲು ತೆರೆದರೂ ಒಳಗೆ ಬರದೆ ಹೊಸ್ತಿಲಾಚೆಯೇ ನಿಂತುಕೊಂಡಿದ್ದ. ಕೈಯಲ್ಲಿ ಯಾರೂ ತರಲು ಹೇಳದ ಒಂದು ಬ್ರೆಡ್ಡಿನ ಪೊಟ್ಟಣ. ಅಕ್ಕ ತನ್ನನ್ನು ಕಣ್ತುಂಬ ನೋಡಲಿ ಎಂದು ನಿಂತಿದ್ದಾನೆಂದು ಅವಳಿಗೆ ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು. ಅವಳು ಅತ್ತಳು. ಅವನು, "ಅತ್ತಿದ್ದು ಸಾಕು, ಟೀ ಹಾಕು," ಅಂದ.

ಈಗ ಸೋಮವಾರ ಆ ಧ್ವನಿಯನ್ನು ಕಿತ್ತರೆ ಅವನು ಮತ್ತೆ ಯಾರದೋ ಕೈಗೆ ಸಿಗಬೇಕು. ಕೀಳುವ ಅರ್ಜಿ ಬರೆಯಬೇಕಾದವಳು ಅವಳೇ. ಎಂಥಾ ಗ್ರಹಚಾರ ನೋಡಿ!

ಸಂಜೆ ಅವಳು ಮನೆಗೆ ಬಂದಾಗ ತಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಅವಳು ಚಪ್ಪಲಿ ಕೂಡ ಬಿಡದೆ ವಿಷಯ ಹೇಳಿದಳು. ಚಾಕು ನಿಂತಿತು.

"ನಾಲ್ಕೋ ಐದೋ? ಯಾವ ಕಣ್ಣಿರೋ ಕುರುಡ ಎಣಿಸಿದ್ದು ಅದನ್ನ? ನಮ್ಮ ಕಾರ್ಖಾನೆ ಒಂದರಿಂದಲೇ ಸಂಜೆ ಹೊತ್ತು ಎಷ್ಟು ಫೋನು ಹೋಗುತ್ತೆ ಗೊತ್ತಾ ನಿಂಗೆ?"

"ಅದೇ ನಂಗೂ ಅರ್ಥವಾಗ್ತಿಲ್ಲ ಕಣೋ. ಒಂದ್ಸಲ ಮಾಡು ನೋಡೋಣ."

ಅವನು ಕೈ ಒರೆಸಿಕೊಂಡು ಫೋನು ಎತ್ತಿದ. ಬೆರಳು ಗುಂಡಿಗಳ ಮೇಲೆ ಓಡಿತು. ಶೀತದಕ್ಕ ಶುರು ಮಾಡಿದಳು: "ಏಳನೇ ನಂಬರು, ನಾಲ್ಕು ನಿಮಿಷ. ಹನ್ನೆರಡನೇ..." ಅಷ್ಟರಲ್ಲಿ ಕಟ್.

"ಯಾಕೋ ಕಟ್ ಮಾಡಿದೆ?"

"ಮತ್ತಿನ್ನೇನು ಅವಳ ಹತ್ತಿರ ಸುಖದುಃಖ ಮಾತಾಡ್ಲಾ? ಏಳು ಬೇಕಿತ್ತು, ಏಳು ಸಿಕ್ತು."

ಅವಳು ಗೋಡೆಗೊರಗಿ ಕೂತುಬಿಟ್ಟಳು. ವರದಿ ತಯಾರಿಸುವ ಪ್ರೋಗ್ರಾಮಿಗೆ ಒಂದು ನಿಯಮವಿತ್ತು. ಇಪ್ಪತ್ತು ಸೆಕೆಂಡಿಗಿಂತ ಚಿಕ್ಕ ಕರೆಯನ್ನೆಲ್ಲ ರಾಂಗ್ ನಂಬರ್ ಎಂದು ತೆಗೆದುಹಾಕುವುದು. ಬೇಕಾದ್ದು ಕೇಳಿ ಟಪ್ಪನೆ ಇಡುವವರು ಯಾರೂ ಲೆಕ್ಕಕ್ಕೇ ಸಿಕ್ಕಿರಲಿಲ್ಲ. ದಿನವೂ ಬಳಸಿ ಬಳಸಿ ನಿಲ್ದಾಣದ ನಂಬರು ಬಾಯಿಪಾಠವಾದವರು, ಯಾವ ಬಸ್ಸು ಎಷ್ಟನೆಯದಾಗಿ ಹೇಳುತ್ತಾಳೆಂದು ಗೊತ್ತಿದ್ದವರು, ಅವರೇ ಇಲ್ಲವಾಗಿದ್ದರು. ಅಪರೂಪಕ್ಕೊಮ್ಮೆ ಫೋನ್ ಮಾಡಿ ಏನೂ ತಿಳಿಯದೆ ಕಿವಿಗಿಟ್ಟುಕೊಂಡು ನಿಂತವರು ಮಾತ್ರ ಉಳಿದಿದ್ದರು.

ಅವಳು ವಿವರಿಸಿದಾಗ ತಮ್ಮನ ಮುಖ ಕೆಂಪಗಾಯಿತು.

"ಅಂದ್ರೆ ಚುರುಕಾಗಿದ್ದದ್ದೇ ತಪ್ಪಾಯ್ತು! ತಬ್ಬಿಬ್ಬಾಗಿ ಬೆಬ್ಬೆಬ್ಬೆ ಅಂತ ನಿಂತಿದ್ರೆ ಮನುಷ್ಯ ಅಂತ ಎಣಿಸ್ತಿದ್ರು ಅಲ್ವಾ?"

"ನಾಳೆ ಸಾಹೇಬರಿಗೆ ಹೇಳ್ತೀನಿ. ತಿಳೀದೆ ಆಗಿರೋದು. ಹೇಳಿದ್ರೆ ಸರಿಮಾಡ್ತಾರೆ."

"ಹೇಳು, ಹೇಳು," ಅಂದ ತಮ್ಮ, ಈರುಳ್ಳಿಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತ.

ಮರುದಿನ ತಮ್ಮನ ಪಾಡನ್ನೂ ಸೇರಿಸಿ ಹೇಳಿದಳು. ನಿಯಮ ತೋರಿಸಿದಳು, ಚಿಕ್ಕ ಕರೆಗಳನ್ನು ಸೇರಿಸಿದರೆ ಎಷ್ಟು ಸಾವಿರವಾಗುತ್ತದೆಂದೂ ತೋರಿಸಿದಳು. ಸಾಹೇಬರು ಆ ಅಂಕಿಯನ್ನು ಎರಡು ಸಲ ಓದಿದರು. ಓದುವಷ್ಟು ಹೊತ್ತು ಅವಳಿಗೆ ಆಸೆ ಹುಟ್ಟಿತು. ಆಮೇಲೆ ಅವರು ಪೆನ್ನಿನ ಮುಚ್ಚಳ ಹಾಕಿದರು.

"ಹತ್ತು ಸೆಕೆಂಡಿನ ಕರೆ ಕರೆನೇ ಅಲ್ಲ ರೀ. ವರದಿ ಆಗ್ಲೇ ಮೇಲೆ ಹೋಗಿದೆ. ಈಗ ಹೋಗಿ ಎಣಿಕೆ ತಪ್ಪಾಯ್ತು ಅನ್ಲಾ? ನಿಮ್ಮ ತಮ್ಮ ಅಂತ ನಿಮಗೆ ಸಂಕಟ, ಅರ್ಥವಾಗುತ್ತೆ. ಜನ ಒಳ್ಳೆಯವರಿರ್ತಾರೆ ಬಿಡಿ. ಯಾರಾದ್ರೂ ಕೈ ಹಿಡಿದು ಹತ್ತಿಸ್ತಾರೆ."

ಹೆಬ್ಬೆರಳ ಬುಡದ ಗುರುತು ಚುರ್ರೆಂದಂತಾಯಿತು. ಇಷ್ಟು ವರ್ಷ ಆ ಕಚೇರಿಯಲ್ಲಿ ಅವಳು ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಈಗಲೂ ಏರಿಸಲಿಲ್ಲ. ಆದರೆ ಪಕ್ಕದ ಮೇಜಿನವರು ಕೀಲಿಮಣೆ ಕುಟ್ಟುವುದು ನಿಲ್ಲಿಸಿ ಕೇಳಿಸಿಕೊಂಡರು.

"ಕೈ ಹಿಡಿಸಿಕೊಳ್ಳೋದು ಅಂದ್ರೆ ಏನು ಅಂತ ನಿಮಗೆ ಗೊತ್ತಿಲ್ಲ ಸಾರ್. ಇರ್ಲಿ. ಒಂದು ಮಾತು ಈಗ್ಲೇ ಹೇಳಿಬಿಡ್ತೀನಿ. ಅರ್ಜಿ ಕಳಿಸು ಅಂದ್ರೆ ಕಳಿಸ್ತೀನಿ, ನಾನು ಕಳಿಸ್ದಿದ್ರೆ ನೀವೇ ಕಳಿಸ್ತೀರಿ. ಆದ್ರೆ ಫೋರ್ಸ್‌ಗೆ ನನ್ನ ಪಾಸ್‌ವರ್ಡ್ ಹಾಕಲ್ಲ. ತಲೆ ಹೋದ್ರೂ ಹಾಕಲ್ಲ."

ಫೋರ್ಸ್ ಅಂದರೆ ಏನೆಂದು ಇಲ್ಲಿ ಹೇಳಿಬಿಡಬೇಕು. ಸರ್ವರ್‌ಗೆ ಒಂದು ಮರ್ಯಾದೆ ಇತ್ತು. ಒಂದು ಭಾಗವನ್ನು ತೆಗೆ ಎಂದಾಗ, ಅದನ್ನು ಆ ಹೊತ್ತಿಗೆ ಯಾರಾದರೂ ಬಳಸುತ್ತಿದ್ದರೆ ತೆಗೆಯುತ್ತಿರಲಿಲ್ಲ. ‘ಬಳಕೆಯಲ್ಲಿದೆ’ ಎಂದು ಹೇಳಿ ಕಾಯುತ್ತ ಕೂರುತ್ತಿತ್ತು. ಬಳಕೆಯಲ್ಲಿದ್ದರೂ ಕಿತ್ತು ಹಾಕು ಅನ್ನಬೇಕಾದರೆ ಅರ್ಜಿಗೆ ಫೋರ್ಸ್ ಎಂದು ಸೇರಿಸಬೇಕು. ಹಿಂದೊಬ್ಬ ಸಾಹೇಬರು ಹಾಗೆ ಫೋರ್ಸ್ ಮಾಡಿ, ನಗರದ ಅಷ್ಟೂ ಬಸ್ಸುಗಳು ಅರ್ಧ ದಿನ ಒಂದೇ ನಿಲ್ದಾಣದಲ್ಲಿ ನಿಂತಿರುವಂತೆ ಕಾಣಿಸಿ, ಆ ನಿಲ್ದಾಣಕ್ಕೆ ಜಾತ್ರೆಯಂತೆ ಜನ ಸೇರಿ ರಾದ್ಧಾಂತವಾಗಿತ್ತು. ಅಲ್ಲಿಂದ ಫೋರ್ಸ್‌ಗೆ ಇಬ್ಬರ ಪಾಸ್‌ವರ್ಡ್ ಬೇಕು ಎಂದಾಯಿತು. ಒಂದು ಸಾಹೇಬರದು, ಇನ್ನೊಂದು ಸರ್ವರ್ ನೋಡಿಕೊಳ್ಳುವವರದು.

ಸಾಹೇಬರು ನಕ್ಕರು. "ಯಾರೂ ಬಳಸದೇ ಇರೋದಕ್ಕೆ ಫೋರ್ಸ್ ಯಾಕ್ರೀ? ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತೆ. ನಿಮ್ಮ ಪಾಸ್‌ವರ್ಡ್ ನೀವೇ ಇಟ್ಕೊಂಡು ಪೂಜೆ ಮಾಡಿ."

ಅವರು ಹೇಳಿದ್ದು ನಿಜವೇ ಆಗಿತ್ತು, ಅದೇ ಅವಳ ಹೊಟ್ಟೆಯುರಿಸಿದ್ದು. ಹತ್ತು ಸೆಕೆಂಡು ಕೇಳಿ ಇಡುವವರ ನಡುವೆ ಖಾಲಿ ಜಾಗ ಸಿಕ್ಕೇ ಸಿಗುತ್ತದೆ. ಸರ್ವರ್ ಆ ಸಂದಿಯಲ್ಲಿ ಕಿತ್ತುಬಿಡುತ್ತದೆ.

ಆ ಸಂಜೆ ಅವಳು ತಮ್ಮನ ಎದುರು ಕೂತು ಅದನ್ನೂ ಹೇಳಿದಳು. ಅವನು ತಲೆ ಒಂದು ಕಡೆ ವಾಲಿಸಿ ಕೇಳಿಸಿಕೊಂಡ.

"ಅಂದ್ರೆ ಯಾರಾದ್ರೂ ಲೈನಲ್ಲಿದ್ರೆ ಕೀಳಲ್ಲ."

"ಕೀಳಲ್ಲ."

"ಎಷ್ಟು ಹೊತ್ತು ಕಾಯುತ್ತೆ?"

"ಇಡೋ ತನಕ. ಆದ್ರೆ ಒಬ್ರು ಇಬ್ರಿದ್ರೆ ಸಾಲದು. ಕರೆ ಒಂದೊಂದು ಒಂದೊಂದು ಸರ್ವರಿಗೆ ಬೀಳುತ್ತೆ. ಅಷ್ಟಕ್ಕೂ ಜನ ಇರ್ಬೇಕು." ಅಷ್ಟು ಹೇಳಿದ ಮೇಲೆ ಅವಳಿಗೆ ತಾನೇನು ಹೇಳುತ್ತಿದ್ದೇನೆಂದು ಹೊಳೆಯಿತು. ನಾಲಿಗೆ ಕಚ್ಚಿಕೊಂಡಳು. "ನೋಡು, ನಾನೇನೂ ಹೇಳಿಲ್ಲ."

"ನಾನೇನೂ ಕೇಳಿಸಿಕೊಂಡಿಲ್ಲ," ಅಂದ ತಮ್ಮ. "ಸೋಮವಾರ ಎಷ್ಟು ಗಂಟೆಗೆ ಅಂತಾನೂ ಹೇಳ್ಬೇಡ."

"ಹನ್ನೊಂದಕ್ಕೆ ಅಂತ ನಾನ್ಯಾಕೆ ಹೇಳ್ಲಿ?" ಅಂದು ಅವಳು ಎದ್ದು ಒಳಗೆ ಹೋದಳು.

ಭಾನುವಾರವಿಡೀ ಅವನು ಕೋಣೆಯ ಬಾಗಿಲು ಹಾಕಿಕೊಂಡು ಫೋನಿನಲ್ಲೇ ಇದ್ದ. ಕಾರ್ಖಾನೆಯ ಹಿರಿಯಳನ್ನು ಎಲ್ಲರೂ ಬೆತ್ತದಮ್ಮ ಅನ್ನುತ್ತಿದ್ದರು. ಆಕೆಯ ಗಹಗಹ ನಗು ಬಾಗಿಲಾಚೆಗೂ ಕೇಳಿಸುತ್ತಿತ್ತು. ಅಕ್ಕ ಕೇಳಲಿಲ್ಲ, ಅವನು ಹೇಳಲಿಲ್ಲ. ಎಷ್ಟು ಜನ ಒಪ್ಪಿದರು, ಒಪ್ಪಿದವರಲ್ಲಿ ಎಷ್ಟು ಜನಕ್ಕೆ ನೆನಪಿರುತ್ತದೆ, ಕೆಲಸದ ಹೊತ್ತಿನಲ್ಲಿ ಯಾರು ತಾನೇ ಫೋನು ಹಿಡಿದು ಸುಮ್ಮನೆ ನಿಲ್ಲುತ್ತಾರೆ, ಅವಳಿಗೆ ಒಂದೂ ಗೊತ್ತಿರಲಿಲ್ಲ.

ಸೋಮವಾರ ಸಭಾಂಗಣದಲ್ಲಿ ಕುರ್ಚಿಗಳು ತುಂಬಿದ್ದವು. ಗೋಡೆಯಗಲದ ಪರದೆ, ಅದರ ಮೇಲೆ ಹಳದಿ ಡಬ್ಬಿಗಳ ಸಾಲು. ಒಂದು ಡಬ್ಬಿ ಅಂದರೆ ಒಂದು ಸರ್ವರ್. ಮುಂದಿನ ಸಾಲಿನಲ್ಲಿ ಅಧ್ಯಕ್ಷೆ, ಬೆಳ್ಳಿಕೂದಲಿನ ಗಡಸು ಹೆಂಗಸು, ಎರಡು ನಿಮಿಷಕ್ಕೊಮ್ಮೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಸಾಹೇಬರು ಭಾಷಣ ಮಾಡಿದರು. ಹಳೆಯದು ಹೋಗಲೇಬೇಕು, ಹೊಸದು ಬರಲೇಬೇಕು, ಯಾರಿಗೂ ಬೇಡವಾದದ್ದನ್ನು ಹೊತ್ತುಕೊಂಡು ತಿರುಗಬಾರದು ಎಂದರು. ಪಕ್ಕದ ಚಿಕ್ಕ ಮೇಜಿನಲ್ಲಿ ಆಯ್ತಾ ಅಕ್ಕ ಕೂತಿದ್ದಳು.

ಅವಳ ಪದ್ಧತಿ ಯಾವತ್ತೂ ಒಂದೇ. ಎಲ್ಲಕ್ಕೂ ಒಟ್ಟಿಗೆ ಕಳಿಸುವುದಿಲ್ಲ. ಮೊದಲು ಒಂದಕ್ಕೆ, ಅದು ಸರಿಹೋದ ಮೇಲೆ ಇನ್ನೊಂದಕ್ಕೆ. ಸಾಹೇಬರು ಕಣ್ಸನ್ನೆ ಮಾಡಿದರು. ಮೊದಲ ಅರ್ಜಿ ಹೋಯಿತು: ಧ್ವನಿ ತೆಗೆ, ನಕ್ಷೆ ಹಾಕು. ಚೀಟಿ ನಂಬರು ಬಂತು.

"ಆಯ್ತಾ?" ಅಂದಳು ಮೆಲ್ಲಗೆ. ನಡೆಯುತ್ತಿದೆ ಎಂದಿತು. "ಆಯ್ತಾ?"

ಡಬ್ಬಿ ಹಸಿರಾಯಿತು. ಸಭೆ ಚಪ್ಪಾಳೆ ತಟ್ಟಿತು.

ಯಾರೂ ಇಲ್ಲ. ಯಾರೂ ಫೋನ್ ಹಿಡಿದಿಲ್ಲ. ಒಪ್ಪಿದವರು ಮರೆತರು, ಇಲ್ಲವೇ ಗಡಿಯಾರ ತಪ್ಪಿತು. ತನ್ನ ಕೈಯಾರೆ ಕಿತ್ತದ್ದಾಯಿತು. ಸಾಹೇಬರು "ಮುಂದೆ, ಮುಂದೆ" ಅನ್ನುತ್ತಿದ್ದರು. ಅವಳು ಎರಡನೆಯ ಅರ್ಜಿ ಬರೆದಳು. ಕಳಿಸುವ ಮುನ್ನ ಬೆರಳು ನಿಂತಿತು. ಸಾಹೇಬರು ಕೆಮ್ಮಿದರು. ಕಳಿಸಿದಳು.

"ಆಯ್ತಾ?"

ದೊಡ್ಡ ಪರದೆಯ ಮೇಲೆ, ಹಳದಿ ಡಬ್ಬಿಯ ಒಳಗೆ ಅಕ್ಷರ ಮೂಡಿತು: ಬಳಕೆಯಲ್ಲಿದೆ. ಕಾಯಲಾಗುತ್ತಿದೆ.

ಅವಳು ಮತ್ತೆ ಕೇಳಿದಳು. ಬಳಕೆಯಲ್ಲಿದೆ. ಸಾಹೇಬರು ಅವಸರಪಡಿಸಿದರೆಂದು ಪದ್ಧತಿ ಬಿಟ್ಟು ಮೂರನೆಯದಕ್ಕೂ ಕಳಿಸಿದಳು, ಬಳಕೆಯಲ್ಲಿದೆ. ನಾಲ್ಕನೆಯದಕ್ಕೆ, ಐದನೆಯದಕ್ಕೆ. ಪರದೆಯುದ್ದಕ್ಕೂ ಅದೊಂದೇ ಮಾತು ಸಾಲಾಗಿ ನಿಂತಿತು. ಮೊದಲನೆಯದರ ಮೇಲೆ ಆ ಗಳಿಗೆಗೆ ಯಾರ ಕರೆಯೂ ಬಿದ್ದಿರಲಿಲ್ಲ, ಅಷ್ಟೇ. ಉಳಿದ ಒಂದೊಂದನ್ನೂ ಯಾರೋ ಎಲ್ಲೋ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆಯ್ತಾ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಕೆಮ್ಮಿನಂತೆ ಮಾಡಿ ನುಂಗಿದಳು.

"ಏನ್ರೀ ಇದು?" ಸಾಹೇಬರು ಬಗ್ಗಿ ಪಿಸುಗುಟ್ಟಿದರು.

"ಯಾರೋ ಬಳಸ್ತಿದಾರೆ ಸಾರ್."

"ಯಾರೂ ಬಳಸಲ್ಲ!"

"ಹಾಗಂತ ನೀವೇ ಸರ್ವರಿಗೆ ಹೇಳಿ."

ಸಾಹೇಬರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಧ್ಯಕ್ಷೆ ಗಡಿಯಾರ ನೋಡಿದರು. ಸಾಹೇಬರು ಅವಳನ್ನು ಪಕ್ಕಕ್ಕೆ ಸರಿಸಿ ತಾವೇ ಬಗ್ಗಿ ಅರ್ಜಿಗೆ ಫೋರ್ಸ್ ಸೇರಿಸಿ ತಮ್ಮ ಪಾಸ್‌ವರ್ಡ್ ಬಡಿದರು. ಇಡೀ ಸಭೆ ನೋಡುತ್ತಿದ್ದಂತೆ ಪರದೆ ಎರಡನೆಯ ಪಾಸ್‌ವರ್ಡ್ ಕೇಳಿತು.

"ಹಾಕಿ," ಅಂದರು.

ಆಯ್ತಾ ಅಕ್ಕ ಎದ್ದು ನಿಂತಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಹಾಕಲ್ಲ ಸಾರ್."

"ಇದು ಆರ್ಡರು!"

"ಕೇಳಿಸ್ತು. ಹಾಕಲ್ಲ."

"ನಿಮ್ಮ ಕೆಲಸ ಉಳಿಯಲ್ಲ, ನೆನಪಿರ್ಲಿ."

"ಕೆಲಸ ನೀವು ಕೊಟ್ಟಿದ್ದು, ಬೇಕಾದ್ರೆ ಕಿತ್ಕೊಳ್ಳಿ. ಪಾಸ್‌ವರ್ಡ್ ನನ್ನ ತಲೇಲಿದೆ. ಅದಕ್ಕೆ ಯಾವ ಫೋರ್ಸೂ ನಡೆಯಲ್ಲ."

ಅಧ್ಯಕ್ಷೆ ಮೊದಲ ಸಲ ಬಾಯಿ ಬಿಟ್ಟರು. "ಒಂದು ನಿಮಿಷ. ಬಳಸ್ತಿರೋರು ಯಾರು?"

ಉತ್ತರ ಬಾಗಿಲ ಕಡೆಯಿಂದ ಬಂತು. ಮೂಗಿನ ಧ್ವನಿಯೊಂದು ಸಭಾಂಗಣವೆಲ್ಲ ಕೇಳುವಂತೆ, "ಏಳನೇ ನಂಬರು, ಹನ್ನೊಂದು ನಿಮಿಷ. ಹನ್ನೆರಡನೇ ನಂಬರು, ಎರಡು ನಿಮಿಷ," ಎನ್ನುತ್ತ ಒಳಗೆ ಬಂತು. ಅದರ ಹಿಂದೆ ತಮ್ಮ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸ್ಪೀಕರ್ ಹಾಕಿ ಎತ್ತಿ ಹಿಡಿದ ಫೋನು. ಕೊನೆಯ ಸಾಲಿನ ಕುರ್ಚಿಗೆ ಬಡಿದು, ಕುರ್ಚಿಯನ್ನು ಒಮ್ಮೆ ಬೈದು, ನಡುವಿನ ದಾರಿ ಹಿಡಿದ. ಅಕ್ಕನ ಕೈ ಬೆನ್ನ ಹಿಂದಿನಿಂದ ತಾನಾಗಿ ಬಿಚ್ಚಿಕೊಂಡಿತು. ಓಡಿಹೋಗಿ ಹಿಡಿದುಕೊಳ್ಳಬೇಕು ಎಂದು ಮೈಯೆಲ್ಲ ಎಳೆಯಿತು. ಅವಳು ಮತ್ತೆ ಕೈ ಕಟ್ಟಿಕೊಂಡು ನಿಂತಲ್ಲೇ ನಿಂತಳು.

"ಏಯ್, ಯಾರ್ರೀ ಅದು? ಫೋನ್ ಆಫ್ ಮಾಡ್ರೀ!" ಸಾಹೇಬರು ಕೂಗಿದರು.

"ಆಫ್ ಮಾಡಿದ್ರೆ ನಿಮ್ಮ ಡಬ್ಬಿ ಹಸಿರಾಗುತ್ತಂತೆ," ಅಂದ ತಮ್ಮ, ದನಿ ಬಂದ ಕಡೆಗೆ ತಿರುಗಿ. "ಮಾಡಲ್ಲ."

ಸಭೆಯಲ್ಲಿ ಗುಸುಗುಸು ಎದ್ದಿತು. ತಮ್ಮ ನಡೆಯುತ್ತಲೇ ಮಾತಾಡಿದ.

"ಬಳಸೋರು ಯಾರು ಅಂತ ಕೇಳಿದ್ರಲ್ಲ, ನಾನೊಬ್ಬ. ಊರಾಚೆಯಿಂದ ಎರಡು ಬಸ್ಸು ಬದಲಾಯಿಸಿ ಬಂದಿದೀನಿ, ಒಬ್ಬನೇ. ನಮ್ಮ ಕಾರ್ಖಾನೇಲಿ ಎಲ್ಲರೂ ಒಂದು ಕೈಲಿ ಬೆತ್ತ, ಒಂದು ಕೈಲಿ ಫೋನು ಹಿಡಿದು ಕೂತಿದಾರೆ. ಅವರ ಪರಿಚಯದೋರು, ಅವರ ಪರಿಚಯದೋರು, ಅಕ್ಷರ ಓದಕ್ಕೆ ಬಾರದ ಅಜ್ಜಿಯರು, ಎಲ್ಲಾ ಇದಾರೆ. ನಾವು ಹತ್ತು ಸೆಕೆಂಡಲ್ಲಿ ಕೇಳಿ ಇಡ್ತಿದ್ವಿ, ಇನ್ನೊಬ್ಬರಿಗೆ ಲೈನು ಸಿಗ್ಲಿ ಅಂತ. ಹಾಗೆ ಇಟ್ಟೋರು ಮನುಷ್ಯರೇ ಅಲ್ಲ ಅಂತ ಇವರು ಲೆಕ್ಕ ಬರೆದ್ರು. ಇವತ್ತು ಇಡಲ್ಲ. ಎಣಿಸ್ಕೊಳ್ಳಿ."

ಅಧ್ಯಕ್ಷೆ ಆಯ್ತಾ ಅಕ್ಕನ ಕಡೆ ತಿರುಗಿದರು. "ಈಗ ಲೈನಲ್ಲಿ ಎಷ್ಟು ಜನ ಇದಾರೆ?"

ಅವಳು ಕೂತು ಸರ್ವರ್‌ಗಳನ್ನು ಕೇಳಿದಳು. ಮುನ್ನೂರು ಚಿಲ್ಲರೆ ಎಂದು ಪರದೆಯ ಮೇಲೆ ಬಂತು. ಮತ್ತೊಮ್ಮೆ ಕೇಳಿದಳು. ಚಿಲ್ಲರೆ ಹೆಚ್ಚಾಗಿತ್ತು.

"ದಿನಕ್ಕೆ ನಾಲ್ಕೈದು ಅಂತ ಅಲ್ವಾ ನೀವು ಬರೆದಿದ್ದು?" ಅಧ್ಯಕ್ಷೆ ಸಾಹೇಬರನ್ನು ಕೇಳಿದರು. ಸಾಹೇಬರು ಅದು ಬೇರೆ ಲೆಕ್ಕ, ಇದು ಬೇರೆ ಲೆಕ್ಕ ಎಂದು ಅಡ್ಡಗೋಡೆಯ ಮೇಲೆ ದೀಪ ಇಡತೊಡಗಿದರು. ಅಧ್ಯಕ್ಷೆಗೆ ಅದು ಬೇಕಿರಲಿಲ್ಲ. ಆಕೆಯೇನೂ ಕರಗಿ ನೀರಾದವರಲ್ಲ, ಗಡಿಯಾರ ನೋಡಿಕೊಂಡರು. "ನಂಗೆ ಇನ್ನೊಂದು ಮೀಟಿಂಗಿದೆ. ಬೇರೆ ದಾರಿ ಏನೂ ಇಲ್ವಾ ಇದಕ್ಕೆ?"

"ಇದೆ ಮೇಡಂ. ಎರಡು ಸರ್ವರಲ್ಲಿ ಹಳೇದು ಇರ್ಲಿ, ಮಿಕ್ಕಿದ್ದಕ್ಕೆ ಹೊಸದು. ಮೊದಲ ದಿನವೇ ಹೇಳಿದ್ದೆ."

"ಮತ್ತೆ ಯಾಕೆ ಮಾಡ್ಲಿಲ್ಲ?"

"ಎರಡು ಡಬ್ಬಿ ಹಳದಿ ಉಳಿಯುತ್ತೆ."

ಅಧ್ಯಕ್ಷೆ ಸಾಹೇಬರನ್ನು ಒಂದು ಸಲ ನೋಡಿದರು. "ಉಳೀಲಿ. ಬೇಗ ಮುಗಿಸಿ."

"ಇರಿ, ಇರಿ," ಅಂದ ತಮ್ಮ. "ಇವತ್ತು ಉಳೀಲಿ ಅಂತೀರಿ. ನಾವು ಫೋನಿಟ್ಟ ಮೇಲೆ ನಾಳೆ ಸದ್ದಿಲ್ಲದೆ ಕೀಳ್ತಾರೆ. ಅಕ್ಕಾ, ಅದಕ್ಕೊಂದು ಬೀಗ ಗೀಗ ಇಲ್ವಾ?"

ಇತ್ತು. ಭಾಗವನ್ನು ಯಾರೂ ಮುಟ್ಟದಂತೆ ಕಟ್ಟಿಹಾಕುವ ಅರ್ಜಿ. ಅದಕ್ಕೂ ಇಬ್ಬರ ಪಾಸ್‌ವರ್ಡ್ ಬೇಕು, ಬಿಚ್ಚಬೇಕಾದರೂ ಅವೇ ಇಬ್ಬರದು. ಅವಳು ಕೊನೆಯ ಎರಡು ಸರ್ವರ್‌ಗಳಿಗೆ ಅರ್ಜಿ ಬರೆದಳು. ತನ್ನ ಪಾಸ್‌ವರ್ಡನ್ನು ಈಗ ಟಕಟಕ ಹಾಕಿದಳು. ಕುರ್ಚಿಯಿಂದೆದ್ದು ಸಾಹೇಬರಿಗೆ ಜಾಗ ಬಿಟ್ಟಳು.

ಸಾಹೇಬರು ಕೂರಲಿಲ್ಲ. "ನೋಡೋಣ, ನಿಧಾನವಾಗಿ ಮಾಡಿದ್ರಾಯ್ತು," ಅಂದರು.

"ಹಾಕಿ ಸಾರ್," ಅಂದಳು ಅವಳು. "ಆಗ್ಲೇಬೇಕು."

ಕಚೇರಿಯವರು ಕೂತಿದ್ದ ಸಾಲಿನಲ್ಲಿ ನಗು ಒಡೆಯಿತು. ಸಾಹೇಬರು ಎರಡು ಬೆರಳಿನಲ್ಲಿ ತಮ್ಮ ಪಾಸ್‌ವರ್ಡ್ ಕುಟ್ಟಿದರು. ಸಿಟ್ಟಿನಲ್ಲಿ ಒಂದು ಸಲ ತಪ್ಪಿತು. ಎರಡನೆಯ ಸಲ ಬೀಗ ಬಿತ್ತು. ತಮ್ಮ ತನ್ನ ಫೋನನ್ನು ಎತ್ತಿ ಹಿಡಿದುಕೊಂಡೇ ಕೋಲನ್ನು ಕಂಕುಳಿಗೆ ಸಿಕ್ಕಿಸಿ ಅಕ್ಕನ ಫೋನು ಇಸಿದುಕೊಂಡು ಕಾರ್ಖಾನೆಗೆ ಕರೆ ಮಾಡಿದ. "ಬೆತ್ತದಮ್ಮಾ, ಇಡಕ್ಕೆ ಹೇಳು ಎಲ್ಲರಿಗೂ. ಗೆದ್ವಿ. ಆಂ? ಹೌದು, ಶೀತದಕ್ಕ ಇದಾಳೆ. ನೆಗಡಿನೂ ಇದೆ." ಒಂದೊಂದಾಗಿ ಲೈನುಗಳು ಖಾಲಿಯಾದವು, ಒಂದೊಂದಾಗಿ ಡಬ್ಬಿಗಳು ಹಸಿರಾದವು. ಕೊನೆಯಲ್ಲಿ ಎರಡು ಹಳದಿ ಉಳಿದವು. ಅಷ್ಟು ಚಂದದ ಹಳದಿಯನ್ನು ಆಯ್ತಾ ಅಕ್ಕ ಜನ್ಮದಲ್ಲಿ ನೋಡಿರಲಿಲ್ಲ.

ಸಂಜೆ ಅವಳು ಹೊರಡುವ ಹೊತ್ತಿಗೆ ಮೇಜಿನ ಮೇಲೆ ನೋಟಿಸು ಬಂದು ಕೂತಿತ್ತು: ಸಾರ್ವಜನಿಕವಾಗಿ ಆಜ್ಞೆ ಮೀರಿದ್ದಕ್ಕೆ ಕಾರಣ ಕೊಡಿ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಊಟದ ಡಬ್ಬಿಯ ಕೆಳಗೆ ತುರುಕಿದಳು. ವರದಿಯ ಇಪ್ಪತ್ತು ಸೆಕೆಂಡಿನ ನಿಯಮವನ್ನು ಬದಲಿಸಿ ಎಂದೂ ಕೇಳಿದ್ದಳು. ಅದನ್ನು ಮುಟ್ಟುವಂತಿಲ್ಲ ಎಂದು ಸಾಹೇಬರು ಬಾಗಿಲ ಸಂದಿಯಿಂದಲೇ ಹೇಳಿ ಕಳಿಸಿದ್ದರು.

ಕೆಳಗೆ ನಿಲ್ದಾಣದಲ್ಲಿ ತಮ್ಮ ಕಾಯುತ್ತಿದ್ದ. ಅವಳು ನಿಯಮದ ವಿಷಯ ಹೇಳಿದಳು. "ಹೌದಾ?" ಅಂದ ಅವನು. ಫೋನು ತೆಗೆದು ನಿಲ್ದಾಣದ ನಂಬರು ಒತ್ತಿದ. "ಏಳನೇ ನಂಬರು, ಈಗ ಬರುತ್ತಿದೆ," ಅಂದಳು ಶೀತದಕ್ಕ. ನಿಜಕ್ಕೂ ಏಳನೇ ನಂಬರು ಬಂದು ಅವರ ಮುಂದೆಯೇ ನಿಂತು ಬಾಗಿಲು ತೆರೆಯಿತು. ತಮ್ಮ ಕದಲಲಿಲ್ಲ. ಫೋನು ಕಿವಿಗೆ ಒತ್ತಿಕೊಂಡೇ ನಿಂತಿದ್ದ.

"ಹತ್ತಿ ಸ್ವಾಮಿ, ಹೊತ್ತಾಗುತ್ತೆ," ಅಂದ ಡ್ರೈವರ್.

"ಸ್ವಲ್ಪ ತಾಳಿ. ಇನ್ನೂ ಲೆಕ್ಕಕ್ಕೆ ಬಂದಿಲ್ಲ."

ಅಕ್ಕ ಅವನ ಮುಖ ನೋಡಿದಳು. ಚೀಲ ಹೆಗಲಿಗೇರಿಸಿ ತನ್ನ ಫೋನು ತೆಗೆದು ಅದೇ ನಂಬರು ಒತ್ತಿ ಕಿವಿಗಿಟ್ಟುಕೊಂಡಳು. ಡ್ರೈವರ್ ಹಾರ್ನ್ ಹೊಡೆದ.

"ನಿಮಗೆ ಕಣ್ಣು ಕಾಣುತ್ತಲ್ಲಮ್ಮ! ಬಸ್ಸು ಎದುರಿಗೇ ನಿಂತಿದೆ!"

"ಕಾಣುತ್ತೆ," ಅಂದಳು ಅವಳು. "ಆದ್ರೂ ಕೇಳ್ತಿದೀನಿ."

ಶೀತದಕ್ಕ ಇಬ್ಬರ ಕಿವಿಯಲ್ಲೂ ಒಂದಾದ ಮೇಲೊಂದು ನಂಬರು ಹೇಳುತ್ತ ಹೋದಳು. ಒಳಗಿದ್ದವರು ಕಿಟಕಿಯಿಂದ ಇಣುಕಿದರು.

"ಆಯ್ತಾ?" ಅಕ್ಕ ತಮ್ಮನನ್ನು ಕೇಳಿದಳು.

"ಇನ್ನೂ ಇಲ್ಲ," ಅಂದ ಅವನು. "ನಿಂತಿರು."